ದೊಡ್ಡ ಕಣ್ಣಿನ ಮಗು

ಕಣ್ಣು ದೊಡ್ಡದಾಗಿರುವ ಮಗು ಹುಟ್ಟಿದರೆ ನಮ್ಮ ಕಡೆ ಮನೆಮಂದಿಗೆಲ್ಲ ಒಂದು ಬಗೆಯ ಹೆಮ್ಮೆ. ಬಾಣಂತಿಯನ್ನು ನೋಡಬಂದ ಹೆಂಗಸರು ತೊಟ್ಟಿಲಿನೊಳಗೆ ಬಗ್ಗಿ ನೋಡಿ ಮೊದಲು ಆಡುವ ಮಾತು ಕಣ್ಣಿನದೇ. ವಿಶಾಲಾಕ್ಷಿ, ಮೀನಾಕ್ಷಿ, ಕಮಲಾಕ್ಷಿ ಎಂದು ದೇವಿಗೆ ನಾವು ಇಟ್ಟ ಹೆಸರುಗಳೇ ಈ ಮೋಹಕ್ಕೆ ಸಾಕ್ಷಿ. ಮೋಹ ನಮ್ಮದೊಂದೇ ಅಲ್ಲ. ಗ್ರೀಕರ ಆದಿಕವಿ ಹೋಮರ್ ದೇವರಾಣಿ ಹೀರಾಳನ್ನು ಮತ್ತೆ ಮತ್ತೆ ಕರೆಯುವುದು ಗೋವಿನ ಕಣ್ಣಿನವಳು ಎಂದು. ಅದೇ ಭಾಷೆಯ ಅದೇ ಗೋವಿನಿಂದ ಮುಂದೆ ವೈದ್ಯರು ಇನ್ನೊಂದು ಪದವನ್ನು ಕಟ್ಟಿಕೊಂಡರು: ಬೂಫ್ಥಾಲ್ಮಸ್, ಎಂದರೆ ಎತ್ತಿನ ಕಣ್ಣು. ಕವಿಯ ಬಾಯಲ್ಲಿ ಹೊಗಳಿಕೆಯಾಗಿದ್ದುದು ವೈದ್ಯನ ಬಾಯಲ್ಲಿ ಒಂದು ರೋಗದ ಹೆಸರಾಯಿತು. ಹುಟ್ಟಿನಿಂದಲೇ ಬರುವ ಗ್ಲಾಕೋಮಾ ಎಂಬ ಕಣ್ಣೊತ್ತಡದ ರೋಗದಲ್ಲಿ ಮಗುವಿನ ಕಣ್ಣುಗುಡ್ಡೆ ಉಬ್ಬಿ ದೊಡ್ಡದಾಗುತ್ತದೆ. ನೋಡುವವರಿಗೆ ಚೆಲುವಾಗಿ ಕಾಣುತ್ತದೆ.

2009ರಲ್ಲಿ ನಮ್ಮ ಮನೆಯಲ್ಲಿ ಅಂಥ ಮಗುವೊಂದು ಹುಟ್ಟಿತು. ನನ್ನ ತಮ್ಮನ ಮಗಳು. ನನ್ನ ಅಕ್ಕನ ಮೊಮ್ಮಗಳೂ ಹೌದು. ಅಕ್ಕನ ಮಗಳನ್ನೇ ತಮ್ಮನಿಗೆ ತಂದುಕೊಂಡಿದ್ದೆವು; ಆ ಮಾತುಕತೆಯಲ್ಲಿ ಎರಡು ಮನೆಗಳ ನಡುವೆ ನಿಂತು ಮಾತು ಮುಗಿಸಿದವನು ನಾನೇ. ಒಂದು ನಂಟಿನಲ್ಲಿ ಆ ಹುಡುಗಿಗೆ ನಾನು ದೊಡ್ಡಪ್ಪ, ಇನ್ನೊಂದರಲ್ಲಿ ಅಜ್ಜ. “ಏನ್ ಚಂದ ಕಣ್ಣ ಅದಾವ ಕೂಸಿಂದು!” ಎಂದು ಬಂದವರೆಲ್ಲ ಅಂದರು. ಅಕ್ಕ ದೃಷ್ಟಿ ತಾಕೀತೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಳು. ಕೂಸನ್ನು ಅಂಗಳಕ್ಕೆ ತಂದರೆ ಅದು ಕಣ್ಣನ್ನು ಬಿಗಿಯಾಗಿ ಮುಚ್ಚಿ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತಿತ್ತು; ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ಊರಿನ ವೈದ್ಯರು ಕಣ್ಣೀರಿನ ನಾಳ ಕಟ್ಟಿದೆಯೆಂದು ಹೇಳಿ, ಮೂಗಿನ ಬದಿಯನ್ನು ಬೆರಳಿನಿಂದ ನೀವಲು ಕಲಿಸಿ, ಹನಿ ಔಷಧಿ ಕೊಟ್ಟರು. ಹಾಗೆ ಮೂರು ತಿಂಗಳು ಕಳೆದವು. ನಗರದ ಆಸ್ಪತ್ರೆಗೆ ಒಯ್ದಾಗ ಮಗುವಿಗೆ ಐದನೆಯ ತಿಂಗಳು. ಎರಡು ಕಣ್ಣುಗಳ ಕರಿಗುಡ್ಡೆಯ ಮೇಲೂ ಹೊಗೆ ಕವಿದಂಥ ನೀಲಿ ಮಬ್ಬು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಲೇಸರ್ ಎಂಬುದು ವರ್ಷ ವರ್ಷವೂ ನಾನು ಕಪ್ಪು ಹಲಗೆಯ ಮೇಲೆ ಬಿಡಿಸುತ್ತಿದ್ದ ಚಿತ್ರ. ಆದುದರಿಂದ ಆ ವೈದ್ಯೆಯನ್ನು, ಸ್ವಲ್ಪ ತಿಳಿದವನ ಗತ್ತಿನಿಂದಲೇ, “ಕತ್ತಿ ಯಾಕೆ ಡಾಕ್ಟರೇ, ಲೇಸರ್‌ನಿಂದ ಆಗುವುದಿಲ್ಲವೆ?” ಎಂದು ಕೇಳಿದೆ. ಆಕೆ ನಗಲಿಲ್ಲ. “ಸರ್, ಈಗ ಬೇಡ. ಅದು ಕೊನೆಗೆ” ಎಂದಷ್ಟೇ ಹೇಳಿ ಶಸ್ತ್ರಕ್ರಿಯೆಯ ಕಾಗದವನ್ನು ತಮ್ಮನ ಮುಂದೆ ಇಟ್ಟರು. ಎಲ್ಲದಕ್ಕೂ ಮೊದಲ ಮದ್ದೆಂದು ನಾವು ಬಗೆದಿರುವ ಬೆಳಕು ಮಗುವಿನ ಕಣ್ಣಿಗೆ ಏಕೆ ಕೊನೆಯ ಮದ್ದು? ಆಮೇಲಿನ ವರ್ಷಗಳಲ್ಲಿ ಸಿಕ್ಕ ಪುಸ್ತಕ, ಪತ್ರಿಕೆಗಳನ್ನೆಲ್ಲ ನಾನು ಓದಿದ್ದು ಆ ‘ಕೊನೆಗೆ’ ಎಂಬ ಒಂದು ಮಾತಿನ ಅರ್ಥಕ್ಕಾಗಿ. ಅದರ ಚರಿತ್ರೆಯನ್ನೇ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕಣ್ಣನ್ನು ಒಂದು ಪುಟ್ಟ ಕೆರೆಯೆಂದು ಭಾವಿಸಿರಿ. ಪಾಪೆಯ ಸುತ್ತಲಿನ ಬಣ್ಣದ ತೆರೆಯ ಹಿಂದೆ, ಸಿಲಿಯರಿ ಎಂಬ ಮಡಿಕೆಮಡಿಕೆಯಾದ ಒಂದು ಬಳೆಯಿದೆ. ಅಲ್ಲಿಂದ ಜಲೀಯ ರಸವೆಂಬ ತಿಳಿನೀರು ಹಗಲೂ ರಾತ್ರಿಯೂ ಒಸರುತ್ತದೆ. ಇದು ಕಣ್ಣೀರಲ್ಲ, ಹೊರಗೆ ಕಾಣುವುದೂ ಇಲ್ಲ. ರಕ್ತನಾಳಗಳಿಲ್ಲದ ಮಸೂರಕ್ಕೆ, ಕಾರ್ನಿಯಾಕ್ಕೆ ಆಹಾರ ಒದಗಿಸಿ, ಪಾಪೆಯ ಮೂಲಕ ಮುಂದೆ ಬಂದು, ಕಾರ್ನಿಯಾವೂ ಬಣ್ಣದ ತೆರೆಯೂ ಸೇರುವ ಮೂಲೆಯಲ್ಲಿರುವ ಸೂಕ್ಷ್ಮ ಜಾಲರಿಯೊಂದರಿಂದ ಸೋಸಿ ಹೊರಟುಹೋಗುತ್ತದೆ. ಸಿಲಿಯರಿ ಬಳೆ ಒರತೆ, ಜಾಲರಿ ತೂಬು. ಒರತೆಗೂ ತೂಬಿಗೂ ಹೊಂದಿಕೆ ಇರುವವರೆಗೆ ಕಣ್ಣಿನೊಳಗಿನ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರಿನ ನಡುವೆ ನಿಲ್ಲುತ್ತದೆ. ವಯಸ್ಸಾದವರ ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ತೂಬಿಗೆ ಹೂಳು ತುಂಬಿರುತ್ತದೆ. ಮಗುವಿನ ಗ್ಲಾಕೋಮಾದಲ್ಲಿ ತೂಬನ್ನು ಕಟ್ಟಿದ ಕೆಲಸವೇ ಗರ್ಭದಲ್ಲಿ ಅರ್ಧಕ್ಕೆ ನಿಂತಿರುತ್ತದೆ. ದೊಡ್ಡವರ ಕಣ್ಣಿನ ಗೋಡೆ ಸುಟ್ಟ ಮಡಕೆ; ಒತ್ತಡವನ್ನೆಲ್ಲ ಹಿಂದಿನ ದೃಷ್ಟಿನರ ಸಹಿಸಬೇಕು. ಸುಮಾರು ಮೂರು ವರ್ಷದ ಒಳಗಿನ ಮಗುವಿನದು ಹಸಿ ಮಡಕೆ, ಅದು ಹಿಗ್ಗುತ್ತದೆ. ಹಿಗ್ಗಿದ ಕಾರ್ನಿಯಾದ ಒಳಪದರ ಬಿರಿದು, ನೀರು ಒಳಹೊಕ್ಕು ಮಬ್ಬು ಕವಿಯುತ್ತದೆ. ಮಬ್ಬಿನಲ್ಲಿ ಬೆಳಕು ಚದರಿ ಕಣ್ಣನ್ನು ಚುಚ್ಚುತ್ತದೆ. ಅಂಗಳದಲ್ಲಿ ನಮ್ಮ ಕೂಸು ಮುಖ ಮುಚ್ಚಿಕೊಳ್ಳುತ್ತಿದ್ದುದು ಅದಕ್ಕೆ.

ಬರ್ಲಿನ್ನಿನ ಆಲ್ಬ್ರೆಖ್ಟ್ ಫಾನ್ ಗ್ರೇಫೆ 1857ರಲ್ಲಿ, ಬಣ್ಣದ ತೆರೆಯ ಒಂದು ತುಣುಕನ್ನು ಕತ್ತರಿಸಿ ತೆಗೆದರೆ ದೊಡ್ಡವರ ತೀವ್ರ ಗ್ಲಾಕೋಮಾ ಇಳಿಯುತ್ತದೆಂದು ತೋರಿಸಿಕೊಟ್ಟ. ನೇತ್ರವೈದ್ಯದ ಚರಿತ್ರೆಯಲ್ಲಿ ಅದೊಂದು ದೊಡ್ಡ ದಿನ. ಮಕ್ಕಳಿಗೆ ಮಾತ್ರ ಆ ದಿನ ಬೆಳಗಾಗಲಿಲ್ಲ. ಹಿಗ್ಗಿ ತೆಳುವಾದ ಕಣ್ಣು ಕತ್ತಿ ತಾಕಿದರೆ ಕುಸಿಯುತ್ತಿತ್ತು. 1939ರಲ್ಲಿ ಆಸ್ಟ್ರೇಲಿಯದ ರಿಂಗ್‌ಲ್ಯಾಂಡ್ ಆಂಡರ್ಸನ್ ಎಂಬ ವೈದ್ಯರು ಈ ಒಂದು ರೋಗದ ಮೇಲೆಯೇ ಒಂದು ಗ್ರಂಥ ಬರೆದರು. ಅವರು ತಲುಪಿದ ತೀರ್ಮಾನ ಕತ್ತಲೆಯದು: ಇಂಥ ಮಕ್ಕಳಿಗೆ ದುಡಿದು ಬದುಕುವಷ್ಟು ದೃಷ್ಟಿ ಉಳಿಯುವ ಆಸೆ ತೀರ ಕಡಿಮೆ.

ಆ ಗ್ರಂಥದ ಮಸಿ ಆರುವ ಮುನ್ನವೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಟೋ ಬಾರ್ಕನ್ ಎಂಬಾತ ಅದನ್ನು ಸುಳ್ಳುಮಾಡುವ ಕೆಲಸದಲ್ಲಿದ್ದ. ಕಣ್ಣಿನ ಮೂಲೆಯನ್ನು ಕೊಯ್ದು ತೂಬು ತೆರೆಯುವ ಯೋಚನೆ ಹೊಸದೇನಲ್ಲ. 1890ರ ದಶಕದಲ್ಲಿಯೇ ಇಟಲಿಯ ಡಿ ವಿನ್ಸೆಂಟಿಸ್ ಅದನ್ನು ಮಾಡಿ ನೋಡಿದ್ದ. ಆದರೆ ಆತ ಕೊಯ್ದದ್ದು ಕುರುಡಾಗಿ. ಕಣ್ಣಿನ ಆ ಮೂಲೆ ಹೊರಗಿನಿಂದ ಕಾಣುವುದೇ ಇಲ್ಲ. ಅಲ್ಲಿಂದ ಹೊರಟ ಬೆಳಕು ಕಾರ್ನಿಯಾದ ಒಳಮೈಗೆ ತೀರ ಓರೆಯಾಗಿ ಬಿದ್ದು ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಪೂರ್ಣ ಆಂತರಿಕ ಪ್ರತಿಫಲನವೆಂದು ನಾನು ಹುಡುಗರಿಂದ ಬಾಯಿಪಾಠ ಮಾಡಿಸುತ್ತಿದ್ದೆನಲ್ಲ, ಅದೇ. ಅದು ಮಕ್ಕಳ ಕಣ್ಣು ಕಳೆದ ಸಂಗತಿಯೂ ಹೌದೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿನ ಮೇಲೆ ಒಂದು ಉಬ್ಬಿದ ಗಾಜನ್ನು ಕೂರಿಸಿದರೆ ಆ ಬೆಳಕು ಹೊರಬರುತ್ತದೆ. ಬಾರ್ಕನ್ ಗಾಜಿನೊಳಗಿನಿಂದ ಮೂಲೆಯನ್ನು ಕಣ್ಣಾರೆ ನೋಡುತ್ತ, ಸಣ್ಣ ಕತ್ತಿಯಿಂದ ಆ ಅಂಗಾಂಶವನ್ನು ಗೀರಿದ. ಮಕ್ಕಳ ಗ್ಲಾಕೋಮಾಕ್ಕೆಂದೇ ಈ ಕ್ರಿಯೆಯನ್ನು ಅವನು ಪ್ರಕಟಿಸಿದ್ದು 1942ರಲ್ಲಿ. ಗೋನಿಯೋಟಮಿ ಎಂಬುದು ಅದರ ಹೆಸರು. ಕುರುಡಾಗಲೇಬೇಕಾಗಿದ್ದ ಮಕ್ಕಳು ಶಾಲೆಗೆ ಹೋಗತೊಡಗಿದರು.

ಇಲ್ಲೊಂದು ತಮಾಷೆಯ ಸಂಗತಿಯಿದೆ. ತೂಬಿನ ಮೇಲೆ ತೆಳ್ಳನೆಯ ಪೊರೆಯೊಂದು ಹರಡಿಕೊಂಡಿದೆ, ನಾನು ಅದನ್ನು ಸೀಳುತ್ತೇನೆ ಎಂದು ಬಾರ್ಕನ್ ನಂಬಿದ್ದ. ಆ ಪೊರೆಗೆ ಅವನ ಹೆಸರನ್ನೇ ಇಟ್ಟರು. ಮುಂದೆ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಪೊರೆ ಸಿಗಲಿಲ್ಲ. 1981ರಲ್ಲಿ ಡಗ್ಲಸ್ ಆಂಡರ್ಸನ್ ಎಂಬ ಇನ್ನೊಬ್ಬ ಆಂಡರ್ಸನ್, ಅಲ್ಲಿರುವುದು ಪೊರೆಯಲ್ಲ, ಬೆಳವಣಿಗೆ ಪೂರ್ತಿಯಾಗದೆ ಒತ್ತೊತ್ತಾಗಿ ದಪ್ಪಗಾದ ಜಾಲರಿಯೇ ಎಂದು ವಿವರಿಸಿದರು. ಸಿದ್ಧಾಂತ ತಪ್ಪಾಗಿತ್ತು, ಕೈ ಸರಿಯಾಗಿತ್ತು. 1960ರಲ್ಲಿ ಬ್ಯೂರಿಯನ್ ಅಮೆರಿಕದಲ್ಲಿಯೂ ರೆಡ್ಮಂಡ್ ಸ್ಮಿತ್ ಲಂಡನ್ನಿನಲ್ಲಿಯೂ ಹೊರಗಿನಿಂದಲೇ ತೂಬಿನ ನಾಳವನ್ನು ಹುಡುಕಿ ಒಳಕ್ಕೆ ಹರಿಯುವ ಇನ್ನೊಂದು ದಾರಿ ಕಂಡುಕೊಂಡರು. ಕಾರ್ನಿಯಾ ಮಬ್ಬಾಗಿ ಬಾರ್ಕನ್ನನ ಗಾಜಿನಿಂದ ಏನೂ ಕಾಣದ ಕಣ್ಣಿಗೆ ಇದೇ ಗತಿ. ನಮ್ಮ ದೇಶದಲ್ಲಿ ಮಕ್ಕಳನ್ನು ತಡವಾಗಿ ತರುವುದರಿಂದ ಮಬ್ಬುಗಣ್ಣೇ ಹೆಚ್ಚು. ಹೈದರಾಬಾದಿನ ಅನಿಲ್ ಕುಮಾರ್ ಮಂಡಲ್ ಅವರು ಈ ಕ್ರಿಯೆಯ ಜೊತೆಗೆ ಬಿಳಿಗುಡ್ಡೆಯಲ್ಲಿ ಒಂದು ಹೊಸ ಕಂಡಿಯನ್ನೂ ತೆರೆಯುವ ಜೋಡಿ ಶಸ್ತ್ರಕ್ರಿಯೆಯನ್ನು ನೂರಾರು ಕೂಸುಗಳಿಗೆ ಮಾಡಿ ಅದರ ಫಲವನ್ನು ದಾಖಲಿಸಿದ್ದಾರೆ. ನಮ್ಮ ಹುಡುಗಿಗೆ ಆದದ್ದೂ ಅದೇ, ಎರಡು ಕಣ್ಣಿಗೂ. ಬಲಗಣ್ಣು ನಿಂತಿತು. ಎಡಗಣ್ಣಿನ ಒತ್ತಡ ನಾಲ್ಕನೆಯ ವರ್ಷದಲ್ಲಿ ಮತ್ತೆ ಏರಿತು, ಇನ್ನೊಮ್ಮೆ ಕೊಯ್ದರು, ಮತ್ತೆ ಏರಿತು. ಕೊನೆ ಎಂದರೆ ಏನೆಂದು ಆಗ ನಮಗೆ ತಿಳಿಯಿತು.

ತೂಬು ತೆರೆಯಲಾಗದಿದ್ದರೆ ಒರತೆಯನ್ನು ಇಂಗಿಸುವುದೊಂದೇ ಉಳಿಯುವ ಉಪಾಯ. ಈ ಉಪಾಯಕ್ಕೆ ಲೇಸರ್‌ಗಿಂತ ಹಳೆಯ ವಂಶಾವಳಿಯಿದೆ. 1933ರಲ್ಲಿ ಹಾಲೆಂಡಿನ ವೇವೆ, ಕೆಲವೇ ವರ್ಷಗಳ ತರುವಾಯ ಸ್ವಿಟ್ಜರ್ಲೆಂಡಿನ ಫೋಗ್ಟ್, ವಿದ್ಯುತ್ತಿನ ಕಾವಿನಿಂದ ಸಿಲಿಯರಿ ಬಳೆಯನ್ನು ಸುಟ್ಟರು. 1950ರಲ್ಲಿ ಇಟಲಿಯ ಬಿಯೆತ್ತಿ ಸುಡುವ ಬದಲು ಹೆಪ್ಪುಗಟ್ಟಿಸಿದ. ಕಾವಾಗಲಿ ಶೀತವಾಗಲಿ, ಇವೆರಡೂ ಬಳೆಯನ್ನು ಮುಟ್ಟಲು ಬಿಳಿಗುಡ್ಡೆಯ ಗೋಡೆಯನ್ನೆಲ್ಲ ಹಾದುಹೋಗಬೇಕು. ಹೋಗುವ ದಾರಿಯಲ್ಲಿರುವುದಕ್ಕೆಲ್ಲ ಪೆಟ್ಟು. ಊತ, ನೋವು, ಕೆಲವೊಮ್ಮೆ ಒರತೆ ಪೂರ್ತಿ ಬತ್ತಿ ಕಣ್ಣೇ ಸುರುಟಿಹೋಗುತ್ತಿತ್ತು. ಇಂಗಿಸಿದ ಒರತೆಯನ್ನು ಮತ್ತೆ ತೆರೆಯುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಗೋಡೆಗೆ ತಾಕದೆ ಒರತೆಗೆ ಮಾತ್ರ ತಾಕುವ ಉಪಕರಣವೊಂದು ಬೇಕಾಗಿತ್ತು.

ಬೆಳಕು ಈ ಕಥೆಗೆ ಬರುವುದು ಗ್ರಹಣದ ಬಾಗಿಲಿನಿಂದ. 1980ರ ಫೆಬ್ರುವರಿ 16ರಂದು ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣವನ್ನು ಕೇಳುಗರಲ್ಲಿ ಹಲವರು ನೆನೆಯಬಲ್ಲರು. ನಾನಾಗ ಹುಡುಗ. ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ನನ್ನ ಹಟ ತಾಳಲಾರದೆ ನಮ್ಮಜ್ಜಿ ಹಿತ್ತಿಲಿನಲ್ಲಿ ಪರಾತದ ತುಂಬ ಸಗಣಿ ಕದಡಿದ ನೀರಿಟ್ಟು, ನೋಡುವುದಾದರೆ ಇದರಲ್ಲಿ ನೋಡು ಎಂದಳು. ಅಜ್ಜಿ ಪ್ಲೇಟೋನನ್ನು ಓದಿದವಳಲ್ಲ. ಆದರೆ ಗ್ರಹಣದ ಸೂರ್ಯನನ್ನು ನೇರ ನೋಡಿ ಕಣ್ಣು ಕಳೆದುಕೊಳ್ಳುವವರನ್ನು ಕುರಿತು, ನೀರಿನಲ್ಲಿ ಬಿಂಬ ನೋಡಬೇಕೆಂದು ಸಾಕ್ರಟೀಸನೂ ಪ್ಲೇಟೋನ ಸಂವಾದವೊಂದರಲ್ಲಿ ಹೇಳುತ್ತಾನೆ. (ನೀರಿನ ಬಿಂಬವೂ ಪೂರ್ಣ ನಿರಪಾಯವಲ್ಲವೆಂದು ಇಂದು ಬಲ್ಲೆವು.) 1945ರ ಜುಲೈ 9ರ ಗ್ರಹಣವನ್ನು ಜರ್ಮನಿಯ ವೈದ್ಯ ವಿದ್ಯಾರ್ಥಿಯೊಬ್ಬ ಬರಿಗಣ್ಣಿನಿಂದ ನೋಡಿದ. ಅವನ ಅಕ್ಷಿಪಟಲದ ನಡುವೆ ಬಿದ್ದ ಸುಟ್ಟ ಕಲೆಯನ್ನು ಪರೀಕ್ಷಿಸಿದವನು ಗೆರ್ಹಾರ್ಡ್ ಮೇಯರ್-ಶ್ವಿಕೆರಾಥ್. ಎಲ್ಲರೂ ಗಾಯವನ್ನು ನೋಡುವ ಕಡೆ ಈತ ಉಪಕರಣವನ್ನು ನೋಡಿದ. ಕಾರ್ನಿಯಾವನ್ನಾಗಲಿ ಮಸೂರವನ್ನಾಗಲಿ ಗಾಯಗೊಳಿಸದೆ ಒಳಗಿನ ಒಂದೇ ತಾಣವನ್ನು ಸುಟ್ಟಿದೆಯಲ್ಲ ಈ ಬೆಳಕು!

ಯುದ್ಧದಿಂದ ಹಾಳಾಗಿದ್ದ ಹ್ಯಾಂಬುರ್ಗಿನಲ್ಲಿ ಆತ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಹಿಡಿದು ರೋಗಿಯ ಕಣ್ಣಿಗೆ ಹಾಯಿಸಿದ. 1949ರಲ್ಲಿ ಅಕ್ಷಿಪಟಲದ ಹರಿದ ಜಾಗವನ್ನು ಹೀಗೆ ಬೆಸೆದ. ಹ್ಯಾಂಬುರ್ಗ್ ಮೋಡದ ಊರು. ಸೂರ್ಯನನ್ನು ನೆಚ್ಚಿ ಆಸ್ಪತ್ರೆ ನಡೆಸುವುದು ಹೇಗೆ? ಮೊದಲು ಇಂಗಾಲದ ಚಾಪದೀಪ, ಆಮೇಲೆ ಝೈಸ್ ಕಂಪನಿಯವರ ನೆರವಿನಿಂದ ಝೆನಾನ್ ದೀಪ ಸೂರ್ಯನ ಜಾಗಕ್ಕೆ ಬಂದವು. 1961ರಲ್ಲಿ ಬೆಲ್ಜಿಯಮ್ಮಿನ ವೇಕರ್ಸ್ ಇದೇ ಝೆನಾನ್ ಬೆಳಕನ್ನು ಸಿಲಿಯರಿ ಬಳೆಯ ಮೇಲೆ ಬಿಟ್ಟು ನೋಡಿದ. ಅಷ್ಟರಲ್ಲಿ, 1960ರ ಮೇ 16ರಂದು, ಕ್ಯಾಲಿಫೋರ್ನಿಯದ ಪ್ರಯೋಗಾಲಯವೊಂದರಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಸಣ್ಣ ಕಡ್ಡಿಯೊಂದಕ್ಕೆ ಮಿಂಚುದೀಪ ಸುತ್ತಿ ಮೊದಲ ಲೇಸರನ್ನು ಬೆಳಗಿಸಿದ್ದ. ಒಂದೇ ಬಣ್ಣ, ಒಂದೇ ಲಯ, ಚದರದ ಸಾಲು. ಮರುವರ್ಷವೇ ಅದು ಮನುಷ್ಯನ ಕಣ್ಣಿಗೆ ಬಂತು. 1972ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಸಂಗಡಿಗರು ಮಾಣಿಕ್ಯದ ಕೆಂಬೆಳಕನ್ನು ಬಿಳಿಗುಡ್ಡೆಯ ಮೂಲಕ ಹಾಯಿಸಿ ಒರತೆಯನ್ನು ಇಂಗಿಸಿದರು. ಇದು ಆಗುವುದಕ್ಕೆ ಕಾರಣ ಸರಳ. ಬಿಳಿಗುಡ್ಡೆ ಬಿಳಿದು, ಕೆಂಪು ಬೆಳಕಿನ ಒಂದು ಪಾಲನ್ನು ಒಳಕ್ಕೆ ಬಿಡುತ್ತದೆ. ಸಿಲಿಯರಿ ಬಳೆಯ ಒಳಮೈ ಕಂದುಗಪ್ಪು. ಬಂದುದನ್ನು ಹೀರಿ ಕಾಯುತ್ತದೆ. ಬೇಸಗೆಯಲ್ಲಿ ಬಿಳಿ ಅಂಗಿ, ಕರಿ ಕೊಡೆಗಳ ಭೇದ ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ತೂಬನ್ನೇ ಲೇಸರ್‌ನಿಂದ ತೆರೆಯಬಾರದೇಕೆ ಎಂದು ತಾವು ಕೇಳಬಹುದು. ದೊಡ್ಡವರಲ್ಲಿ ತೆರೆಯುತ್ತಾರೆ. 1979ರಲ್ಲಿ ವೈಸ್ ಮತ್ತು ವಿಟ್ಟರ್ ಜಾಲರಿಯ ಮೇಲೆ ಆರ್ಗಾನ್ ಲೇಸರಿನ ಚುಕ್ಕಿಗಳನ್ನಿಟ್ಟು ನೀರು ಹರಿಯಿಸಿದರು. ಅದರ ಸೌಮ್ಯವಾದ ಈಚಿನ ರೂಪವನ್ನು ಎಷ್ಟೋ ಕಡೆ ಔಷಧಿಗಿಂತ ಮೊದಲೇ ಬಳಸುವುದುಂಟು. ಆದರೆ ಕಟ್ಟದ ತೂಬಿನಲ್ಲಿ ಹೂಳು ತೆಗೆಯುವುದೆಲ್ಲಿಂದ? ಅದೂ ಅಲ್ಲದೆ, ಯಂತ್ರಕ್ಕೆ ಗದ್ದ ಆನಿಸಿ ಅಲುಗದೆ ಕೂರುವ ಕೂಸನ್ನು ಯಾರು ಕಂಡಿದ್ದಾರೆ! ಬಾರ್ಕನ್ನನ ಕತ್ತಿಯ ಕೆಲಸವನ್ನು ಲೇಸರ್‌ನಿಂದ ಮಾಡಿದ ಪ್ರಯತ್ನಗಳೂ ಇವೆ. ನಮ್ಮ ಕಿವಿಗೆ ಯಜ್ಞಯಾಗವೆಂದೇ ಕೇಳುವ ಯಾಗ್ ಎಂಬ ಲೇಸರ್ ಇದೆ. 1989ರಲ್ಲಿ ಪ್ರಕಟವಾದ ಒಂದು ಆರಂಭಿಕ ಅಧ್ಯಯನದಲ್ಲಿ ಅದೇ ಮಗುವಿನ ಒಂದು ಕಣ್ಣಿಗೆ ಕತ್ತಿ, ಇನ್ನೊಂದು ಕಣ್ಣಿಗೆ ಯಾಗ್ ಎಂದು ಜೋಡಿಗಣ್ಣುಗಳನ್ನು ಹೋಲಿಸಿದರು. ಹೋಲಿಕೆ ಎಂದರೆ ಹೀಗಿರಬೇಕು ಎನ್ನಿಸುವಷ್ಟು ಅಚ್ಚುಕಟ್ಟಾದ ಯೋಜನೆ. ಆದರೂ ಕತ್ತಿ ತನ್ನ ಜಾಗವನ್ನು ಬಿಟ್ಟುಕೊಡಲಿಲ್ಲ. ಮಗುವಿನ ಕಣ್ಣಿನಲ್ಲಿ ಲೇಸರಿನ ಪಾಲಿಗೆ ಉಳಿದದ್ದು ಒರತೆ ಇಂಗಿಸುವ ಕೆಲಸವೇ.

ಆ ಕೆಲಸಕ್ಕೆ ಮಾಣಿಕ್ಯದ ನಂತರ ಯಾಗ್ ಬಂತು, ಯಾಗ್ ನಂತರ 1990ರ ದಶಕದಲ್ಲಿ ಡಯೋಡ್ ಬಂತು. ಯಾಗ್ ಬೆಳಕಿನ ಅಲೆಯುದ್ದ 1064 ನ್ಯಾನೊಮೀಟರ್. ಗೋಡೆಯನ್ನು ಚೆನ್ನಾಗಿ ಹಾಯುತ್ತದೆ, ಆದರೆ ಕಂದುಬಣ್ಣಕ್ಕೆ ಅದರ ರುಚಿ ಕಡಿಮೆ. ಡಯೋಡಿನದು 810, ಹಾಯುವುದು ತುಸು ಕಡಿಮೆ, ಹೀರುವುದು ಹೆಚ್ಚು. ಆದುದರಿಂದ ಕಡಿಮೆ ಶಕ್ತಿಯಲ್ಲಿ ಕೆಲಸ ನಡೆಯುತ್ತದೆ. ಯಂತ್ರವೂ ಚಿಕ್ಕದು, ಎತ್ತಿಕೊಂಡು ಹೋಗಬಹುದು. ಮಗುವಿಗೆ ಅರಿವಳಿಕೆ ಕೊಟ್ಟು, ಕಾರ್ನಿಯಾದ ಅಂಚಿನ ಆಚೆ ಲೇಖನಿಯಂಥ ಕಡ್ಡಿಯನ್ನು ಒತ್ತಿ, ಒಂದೊಂದು ತಾಣಕ್ಕೆ ಸುಮಾರು ಎರಡು ಸೆಕೆಂಡು ಬೆಳಕು ಬಿಡುತ್ತಾರೆ. ಒಳಗೆ ಏನಾಯಿತೆಂದು ವೈದ್ಯರಿಗೆ ಕಾಣುವುದಿಲ್ಲ, ಕೇಳುತ್ತದೆ. ಕಾವು ಮೀರಿದರೆ ಅಂಗಾಂಶದ ನೀರು ಕುದಿದು ಜೋಳದ ಅರಳು ಸಿಡಿದಂತೆ ಟಪ್ಪೆಂದು ಸಣ್ಣ ಸದ್ದು. ಸದ್ದು ಕೇಳಿದರೆ ಶಕ್ತಿಯನ್ನು ತಗ್ಗಿಸಬೇಕು. ನಮ್ಮ ವೈದ್ಯೆ ಇದನ್ನು ಹೇಳಿದಾಗ, ಬೆಳಕಿನ ಇಷ್ಟೆಲ್ಲ ಚರಿತ್ರೆಯ ಕೊನೆಗೆ ಕಿವಿಯನ್ನು ನಂಬಬೇಕಾಯಿತಲ್ಲ ಎಂದು ನನಗೆ ಒಂದು ಕ್ಷಣ ನಗು ಬಂತು, ಮರುಕ್ಷಣ ಬರಲಿಲ್ಲ.

ಮಕ್ಕಳಲ್ಲಿ ಇನ್ನೂ ಒಂದು ತೊಡಕು. ಉಬ್ಬಿದ ಕಣ್ಣಿನಲ್ಲಿ ಸಿಲಿಯರಿ ಬಳೆ ತಾನಿರಬೇಕಾದ ಜಾಗದಲ್ಲಿ ಇರುವುದಿಲ್ಲ. ದೊಡ್ಡವರ ಲೆಕ್ಕದಲ್ಲಿ ಅಳತೆ ಹಿಡಿದು ಕಡ್ಡಿ ಇಟ್ಟರೆ ಗುರಿ ತಪ್ಪುತ್ತದೆ. ಕತ್ತಲೆ ಕೋಣೆಯಲ್ಲಿ ಕಣ್ಣಿನ ಹಿಂದಿನಿಂದ ದೀಪ ಹಿಡಿದು ಬಳೆಯ ನೆರಳನ್ನು ಹುಡುಕಬೇಕು. ಗುರಿ ತಾಕಿದರೂ ಎಳೆಯ ಅಂಗಾಂಶ ಮತ್ತೆ ಚಿಗುರುತ್ತದೆ, ಒರತೆ ಮರಳುತ್ತದೆ. ಲಂಡನ್ನಿನ ಕರ್ವಾನ್ ಮತ್ತು ಸಂಗಡಿಗರು 2002ರಲ್ಲಿ ಮಕ್ಕಳ 77 ಕಣ್ಣುಗಳಲ್ಲಿ ಡಯೋಡಿನ ಫಲವನ್ನು ಪ್ರಕಟಿಸಿದಾಗ ಕಂಡದ್ದು ಇದೇ: ಒಂದೇ ಸಲಕ್ಕೆ ಮುಗಿದ ಕಣ್ಣು ಕಡಿಮೆ, ಮತ್ತೆ ಮತ್ತೆ ಮಾಡಿದರೆ ಹೆಚ್ಚಿನವು ಒಂದಷ್ಟು ಕಾಲ ಹತೋಟಿಗೆ ಬರುತ್ತವೆ.

ಕಾಣದೆ ಸುಡುವುದು ಬೇಡ, ಕಂಡು ಸುಡೋಣ ಎಂದವನು ಅಮೆರಿಕದ ಮಾರ್ಟಿನ್ ಯೂರಾಮ್. 1992ರಲ್ಲಿ ಆತ ದೀಪ, ಕ್ಯಾಮರಾ, ಡಯೋಡ್ ಲೇಸರ್ ಮೂರನ್ನೂ ಒಂದೇ ಸಪೂರ ಕೊಳವೆಯೊಳಗೆ ಸೇರಿಸಿ ಕಣ್ಣಿನ ಒಳಕ್ಕೇ ತೂರಿಸಿದ. ಪರದೆಯ ಮೇಲೆ ಮಡಿಕೆಗಳು ಒಂದೊಂದಾಗಿ ಬೆಳ್ಳಗಾಗಿ ಮುದುಡುವುದು ಕಾಣುತ್ತದೆ. ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು. ಕೇಳುವುದಕ್ಕೆ ಇದೇ ಮೇಲೆನಿಸುತ್ತದೆ. ಆದರೆ ಕಣ್ಣನ್ನು ತೆರೆಯದೆ ಒಳಗನ್ನು ಮುಟ್ಟಬಹುದೆಂಬುದಲ್ಲವೆ ಬೆಳಕಿನ ಹೆಚ್ಚುಗಾರಿಕೆ? ಕೊಳವೆ ತೂರಿಸಿದ ಕೂಡಲೇ ಆ ಹೆಚ್ಚುಗಾರಿಕೆ ಹೋಯಿತು. 2001ರಲ್ಲಿ ನೀಲಿ ಮತ್ತು ಪ್ಲೇಜರ್ ಕಠಿಣ ರೋಗವಿದ್ದ ಮಕ್ಕಳ 36 ಕಣ್ಣುಗಳಲ್ಲಿ ಇದನ್ನು ಮಾಡಿ ವರದಿ ಒಪ್ಪಿಸಿದರು: ನೂರಕ್ಕೆ 43ರಷ್ಟು ಯಶಸ್ಸು. ಅಕ್ಷಿಪಟಲ ಕಳಚಿದ ಕಣ್ಣುಗಳೂ ಅದರಲ್ಲಿದ್ದವು. ಹೊರಗಿನಿಂದ ಕುರುಡಾಗಿ ಸುಟ್ಟವರ ಫಲಕ್ಕಿಂತ ಇದು ಬಹಳ ಮೇಲೆಂದು ಹೇಳಲು ನನಗೆ ಧೈರ್ಯ ಸಾಲದು. ಬಳೆ ಎಲ್ಲಿದೆಯೆಂದೇ ಗೊತ್ತಾಗದಷ್ಟು ಕೆಟ್ಟ ಕಣ್ಣಿಗೆ ಮಾತ್ರ ಕಂಡು ಸುಡುವುದೇ ನ್ಯಾಯವೆಂದು ತೋರುತ್ತದೆ.

ಮೂರನೆಯದು ಈ ಶತಮಾನದ್ದು. 2010ರಲ್ಲಿ ಸಿಂಗಪುರದ ವೈದ್ಯರು ಅದೇ 810ರ ಡಯೋಡ್ ಬೆಳಕನ್ನು ತುಂಡುತುಂಡಾಗಿ ಮಾಡಿ ಬಿಟ್ಟರು. ಅರ್ಧ ಮಿಲಿಸೆಕೆಂಡು ಬೆಳಕು, 1.1 ಮಿಲಿಸೆಕೆಂಡು ವಿರಾಮ. ಆ ವಿರಾಮದಲ್ಲಿ ಅಂಗಾಂಶ ಆರುತ್ತದೆ, ಸಿಡಿಯುವುದಿಲ್ಲ. ಮೈಕ್ರೋಪಲ್ಸ್ ಎಂದು ಹೆಸರು; ಮಿಡಿಬೆಳಕು ಎನ್ನೋಣವೆ? ಒಂದು ತಾಣದಲ್ಲಿ ನಿಲ್ಲದೆ ಕಡ್ಡಿಯನ್ನು ಕಣ್ಣಿನಂಚಿನಲ್ಲಿ ಬಳಿಯುತ್ತ ಹೋಗುತ್ತಾರೆ. ಇದು ಒರತೆಯನ್ನು ಇಂಗಿಸುವುದೊಂದೇ ಅಲ್ಲದೆ ನೀರಿಗೆ ಇನ್ನೊಂದು ದಾರಿಯನ್ನೂ ಬಿಡಿಸುತ್ತದೆ ಎಂದು ಕೆಲವರ ಊಹೆ. ಬಾರ್ಕನ್ನನ ಪೊರೆಯನ್ನು ನೆನೆದು ನಾನು ಊಹೆಯನ್ನು ಊಹೆಯಾಗಿಯೇ ಇಟ್ಟುಕೊಂಡಿದ್ದೇನೆ. 2018ರಲ್ಲಿ ಕೈರೋದ ವೈದ್ಯರು ಮಕ್ಕಳ ಕಣ್ಣುಗಳಲ್ಲಿಯೇ ಅಖಂಡ ಬೆಳಕನ್ನೂ ಮಿಡಿಬೆಳಕನ್ನೂ ಹೋಲಿಸಿದರು. ಆರು ತಿಂಗಳಿಗೆ ಮಿಡಿಬೆಳಕಿನಲ್ಲಿ ನೂರಕ್ಕೆ 71, ಅಖಂಡದಲ್ಲಿ 46. ಓದಿದಾಗ ನನ್ನ ಕೈ ಫೋನಿನ ಕಡೆ ಹೋಯಿತು. ಆಮೇಲೆ ಕೆಳಗಿನ ಸಾಲು ನೋಡಿದೆ: ಕಣ್ಣುಗಳ ಸಂಖ್ಯೆ ಚಿಕ್ಕದು, ಈ ಅಂತರ ಕೇವಲ ಆಕಸ್ಮಿಕವೂ ಇರಬಹುದೆನ್ನುತ್ತದೆ ಲೆಕ್ಕ. ನೋವು, ಉರಿಯೂತ ಮಿಡಿಬೆಳಕಿನಲ್ಲಿ ಕಡಿಮೆ ಎಂಬುದಷ್ಟೇ ನಂಬಬಹುದಾದ ಮಾತು. ಅದರ ಹಿಂದಿನ ವರ್ಷ ಬಾರ್ಕನ್ನನ ಊರಾದ ಸ್ಯಾನ್ ಫ್ರಾನ್ಸಿಸ್ಕೋದಿಂದಲೇ ಇನ್ನೊಂದು ವರದಿ ಬಂದಿತ್ತು. ಮಿಡಿಬೆಳಕನ್ನು ದೊಡ್ಡವರಿಗೂ ಬೆರಳೆಣಿಕೆಯ ಮಕ್ಕಳಿಗೂ ಮಾಡಿ ಒಂದು ವರ್ಷ ಕಾದಿದ್ದರು. ದೊಡ್ಡವರಲ್ಲಿ ಬಹುಪಾಲು ನಿಂತಿತು, ಮಕ್ಕಳಲ್ಲಿ ಬಹುಪಾಲು ನಿಲ್ಲಲಿಲ್ಲ. ಆರು ತಿಂಗಳ ಗೆಲುವು ಹನ್ನೆರಡು ತಿಂಗಳಿಗೆ ಉಳಿಯದೆ ಹೋಗಬಹುದು. ಒಬ್ಬರು ಯಶಸ್ಸು ಎಂದುದನ್ನು ಇನ್ನೊಬ್ಬರು ಎನ್ನದೆ ಇರಬಹುದು. ಇಡೀ ಜಗತ್ತಿನ ಇಂಥ ಮಕ್ಕಳ ಲೆಕ್ಕವೆಲ್ಲ ಹೀಗೆ ಇಪ್ಪತ್ತು, ಮೂವತ್ತು, ಎಪ್ಪತ್ತು ಕಣ್ಣುಗಳ ಸಣ್ಣ ಸಣ್ಣ ಕಂತೆಗಳಲ್ಲಿ ಚದರಿಹೋಗಿದೆ.

ಆಂಧ್ರಪ್ರದೇಶದಲ್ಲಿ ಮಾಡಿದ ಅಂದಾಜಿನ ಪ್ರಕಾರ 3300 ಹೆರಿಗೆಗಳಿಗೆ ಒಂದು ಮಗುವಿಗೆ ಈ ರೋಗ. ಪಶ್ಚಿಮ ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿನ ಹೆರಿಗೆಗಳಿಗೆ ಒಂದು. ಈ ಭೇದಕ್ಕೆ ಒಂದು ಕಾರಣವನ್ನು 1997ರಲ್ಲಿ ಗುರುತಿಸಿದರು. ಸಿವೈಪಿ1ಬಿ1 ಎಂಬ ವಂಶವಾಹಿ ಕೆಟ್ಟಿದ್ದು, ಆ ಕೆಟ್ಟ ಪ್ರತಿ ತಂದೆಯಿಂದಲೂ ತಾಯಿಯಿಂದಲೂ ಬಂದರೆ ಮಗುವಿನ ತೂಬು ಕಟ್ಟಿ ಮುಗಿಯುವುದಿಲ್ಲ. ಸೋದರಮಾವನಿಗೂ ಸೊಸೆಗೂ ನಾಲ್ಕರಲ್ಲಿ ಒಂದು ಪಾಲು ವಂಶವಾಹಿ ಸಮಾನ. ಅತ್ತೆಮಾವಂದಿರ ಮಕ್ಕಳಲ್ಲಿ ಎಂಟರಲ್ಲಿ ಒಂದು. ಇಂಥ ಮದುವೆಗಳೆಲ್ಲ ಹೀಗಾಗುವುದಿಲ್ಲ. ಇಂಥ ಮದುವೆಯಿಲ್ಲದ ಮನೆಗಳಲ್ಲಿಯೂ ಈ ಮಗು ಹುಟ್ಟುತ್ತದೆ. ಇದನ್ನು ನಾನು ಅಕ್ಕನಿಗೆ ಹಲವು ಸಲ ಹೇಳಿದ್ದೇನೆ. ಅಕ್ಕ ಕೇಳಿಸಿಕೊಂಡು, “ಮಾತ ಮುಗಿಸಿದವ ನೀನ ಅಲ್ಲೇನೋ” ಎಂದು ಒಂದು ಸಲವೂ ಅಂದಿಲ್ಲ.

2014ರಲ್ಲಿ ಎಡಗಣ್ಣಿಗೆ ಡಯೋಡ್ ಲೇಸರ್ ಆಯಿತು. ಯಾವ ಲೇಸರ್ ಮೇಲು ಎಂದು ನಾನು ಓದಿದ್ದೆಲ್ಲವನ್ನೂ ಕಟ್ಟಿಕೊಂಡು ಹೋಗಿ ಕೇಳಿದ್ದಕ್ಕೆ ಆ ವೈದ್ಯೆ, “ನಮ್ಮಲ್ಲಿರುವುದು ಇದು, ನನ್ನ ಕೈಗೆ ಪಳಗಿರುವುದೂ ಇದು ಸರ್” ಎಂದರು. ಅದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಪತ್ರಿಕೆಯಲ್ಲಿಯೂ ನಾನು ಓದಲಿಲ್ಲ. ಒತ್ತಡ ಹದಿನಾಲ್ಕಕ್ಕೆ ಇಳಿಯಿತು. ಮೂರು ವರ್ಷಕ್ಕೆ ಮತ್ತೆ ಏರಿತು. 2017ರಲ್ಲಿ ಇನ್ನೊಮ್ಮೆ, ಅದೇ ಯಂತ್ರ, ಅದೇ ಕೈ. ಆ ಕಣ್ಣಿಗೆ ಈಗ ಬಾಗಿಲು, ಕಿಟಕಿ, ಮನುಷ್ಯರ ಆಕಾರ ತಿಳಿಯುತ್ತದೆ. ಬಲಗಣ್ಣಿನಿಂದ, ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಅವಳು ಓದುತ್ತಾಳೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕೊಡಗಿನ ಕಡೆ ಬಳೆಯಂತೆ ಕಂಡ ಗ್ರಹಣ ನಮ್ಮೂರಿನಲ್ಲಿ ಭಾಗಶಃ ಕಂಡಿತು. ಅವಳಿಗೆ ಹತ್ತು ವರ್ಷ. ಶಾಲೆಯಲ್ಲಿ ಗ್ರಹಣದ ಕನ್ನಡಕ ಕೊಟ್ಟಿದ್ದರು; ಹಾಕಿಕೊಂಡು ನೋಡುತ್ತೇನೆಂದು ಹಟ. ಕನ್ನಡಕ ಒಳ್ಳೆಯದೇ ಇತ್ತು, ನನಗೆ ಮಾತ್ರ ಮನಸ್ಸು ಒಡಂಬಡಲಿಲ್ಲ. ಪಡಸಾಲೆಯ ಕದವನ್ನು ಮುಚ್ಚಿ, ಕಿಟಕಿಗೆ ರಟ್ಟು ಅಡ್ಡಹಿಡಿದು, ಅದರಲ್ಲಿ ಸೂಜಿಯಿಂದ ಒಂದು ತೂತು ಮಾಡಿದೆ. ಎದುರಿನ ಸುಣ್ಣದ ಗೋಡೆಯ ಮೇಲೆ ಕಚ್ಚಿದ ರೊಟ್ಟಿಯ ಚೂರಿನಂಥ ಸಣ್ಣ ಸೂರ್ಯ ಬಿದ್ದ. ಅವಳು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಬಲಗಣ್ಣಿನಿಂದ ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ, “ದೊಡ್ಡಪ್ಪಾ, ಇದನ್ನ ಮುಟ್ಟಿದ್ರ ಏನೂ ಆಗೂದಿಲ್ಲಲ್ಲ?” ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಅದರ ಮೇಲೆ ಬೆರಳಿಟ್ಟಳು. ಸೂರ್ಯ ಅವಳ ಉಗುರಿನ ಮೇಲೆ ಬಂದು ಕೂತ.